ಕ್ಯಾಮೆರಾ ಕಂಡದ್ದು, ಕ್ಯಾಮೆರಾಗೆಂದು ಮಾಡಿದ್ದು: ವನ್ಯಜೀವಿ ಚಿತ್ರಗಳಲ್ಲಿ ಕೃತಕತೆಯ ಇತಿಹಾಸ

ಅಮೆರಿಕದ ಅಧ್ಯಕ್ಷಗಿರಿ ಮುಗಿಸಿದ ಥಿಯೋಡರ್ ರೂಸ್‌ವೆಲ್ಟ್ 1909ರಲ್ಲಿ ಬೇಟೆಗೆಂದು ಪೂರ್ವ ಆಫ್ರಿಕಕ್ಕೆ ಹೊರಟರು. ಅವರ ಜೊತೆ ಕ್ಯಾಮೆರಾ ಕಳಿಸಬೇಕೆಂಬ ಷಿಕಾಗೋದ ನಿರ್ಮಾಪಕ ವಿಲಿಯಂ ಸೆಲಿಗ್‌ನ ಆಸೆ ಕೈಗೂಡಲಿಲ್ಲ. ಆತ ಮುದಿ ಸಿಂಹವೊಂದನ್ನು ಕೊಂಡು ತಂದ. ಸ್ಟುಡಿಯೋದಲ್ಲೇ ಕಾಡಿನ ಸೆಟ್ ಹಾಕಿಸಿ, ರೂಸ್‌ವೆಲ್ಟರನ್ನು ಹೋಲುವ ನಟನನ್ನು ನಿಲ್ಲಿಸಿ, ಕ್ಯಾಮೆರಾದ ಎದುರೇ ಸಿಂಹವನ್ನು ಗುಂಡಿಟ್ಟು ಕೊಲ್ಲಿಸಿದ. ‘ಹಂಟಿಂಗ್ ಬಿಗ್ ಗೇಮ್ ಇನ್ ಆಫ್ರಿಕಾ’ ಭರ್ಜರಿಯಾಗಿ ಓಡಿತು. ಮರುವರ್ಷ ಚೆರಿ ಕಿಯರ್ಟನ್ ಎಂಬ ಬ್ರಿಟಿಷ್ ಛಾಯಾಗ್ರಾಹಕ ಆಫ್ರಿಕದಲ್ಲೇ ತೆಗೆದಿದ್ದ ‘ರೂಸ್‌ವೆಲ್ಟ್ ಇನ್ ಆಫ್ರಿಕಾ’ ತೆರೆಗೆ ಬಂದಾಗ ಜನರಿಗೆ ಅದು ಸಪ್ಪೆ ಎನಿಸಿತು.

ಇದನ್ನು ಬರೀ ಮೋಸವೆಂದು ತಳ್ಳಿಹಾಕಿದರೆ ಅಂದಿನ ಸಲಕರಣೆಯ ಕಷ್ಟ ಮರೆತಂತಾಗುತ್ತದೆ. ಕೈಯಿಂದ ತಿರುಗಿಸುವ ಭಾರದ ಕ್ಯಾಮೆರಾ, ಧಾರಾಳ ಬಿಸಿಲು ಬೇಡುವ ಫಿಲ್ಮ್, ಹತ್ತಿರ ಹೋಗದೆ ಏನನ್ನೂ ಹಿಡಿಯದ ಲೆನ್ಸ್. ಪ್ರಾಣಿಗಳೋ ಓಡಾಡುವುದು ಮಬ್ಬುಗತ್ತಲಲ್ಲಿ. ಸಲಕರಣೆ ಎಲ್ಲಿ ಸೋಲುತ್ತದೋ ಅಲ್ಲಿ ಕೃತಕತೆ ಒಳಹೊಕ್ಕಿದೆ, ಸಲಕರಣೆ ಸುಧಾರಿಸಿದಂತೆ ಅದು ತನ್ನ ಠಿಕಾಣಿ ಬದಲಿಸಿದೆ ಎಂಬುದು ಈ ಲೇಖನದ ವಾದ.

ಕೃತಕತೆಯಲ್ಲೂ ಬಗೆಗಳಿವೆ. 1910ರಲ್ಲೇ ಲಂಡನ್ನಿನ ಪರ್ಸಿ ಸ್ಮಿತ್ ‘ದಿ ಬರ್ತ್ ಆಫ್ ಎ ಫ್ಲವರ್’ ಚಿತ್ರದಲ್ಲಿ, ಬಿಟ್ಟುಬಿಟ್ಟು ತೆಗೆದ ಬಿಡಿ ಚೌಕಟ್ಟುಗಳನ್ನು ಜೋಡಿಸಿ, ಮೊಗ್ಗು ಬಿರಿಯುವುದನ್ನು ಕೆಲವೇ ಕ್ಷಣಗಳಲ್ಲಿ ತೋರಿಸಿದ. ಮನುಷ್ಯರ ಕಣ್ಣು ಹಾಗೆ ಕಾಣಲಾರದು. ಆದರೂ ಸ್ಮಿತ್ ಕುಗ್ಗಿಸಿದ್ದು ಕಾಲವನ್ನು ಮಾತ್ರ. ಹೂವು ಮಾಡದ್ದನ್ನು ಹೂವಿನಿಂದ ಮಾಡಿಸಲಿಲ್ಲ. ಮುಂದಿನ ಚಿತ್ರಗಳನ್ನು ಅಳೆಯಲು ನನಗೆ ಇದಕ್ಕಿಂತ ಒಳ್ಳೆಯ ಅಳತೆಗೋಲು ಸಿಕ್ಕಿಲ್ಲ.

ಈ ಚರಿತ್ರೆಯ ಒಂದು ಪುಟ ಮೈಸೂರು ಸೀಮೆಯದು. ಎಸ್ಕಿಮೋ ಬದುಕಿನ ‘ನಾನೂಕ್ ಆಫ್ ದಿ ನಾರ್ತ್’ (1922) ಚಿತ್ರಕ್ಕೆ ಬೆಳಕು ಸಾಲದೆ, ಹಿಮದ ಮನೆಯನ್ನು ಅರ್ಧ ಮಾತ್ರ ಕಟ್ಟಿಸಿದ್ದ ರಾಬರ್ಟ್ ಫ್ಲಾಹರ್ಟಿ 1935ರಲ್ಲಿ ಮೈಸೂರಿಗೆ ಬಂದ. ಕಿಪ್ಲಿಂಗ್ ಕಥೆಯನ್ನಾಧರಿಸಿದ ‘ಎಲಿಫೆಂಟ್ ಬಾಯ್’ ತೆಗೆಯಲು ಅವನಿಗೆ ಸಂಸ್ಥಾನದ ಆನೆಗಳೂ ಕಾಡೂ ದೊರೆತವು. ನಾಯಕನಾಗಿ ಸಿಕ್ಕಿದ್ದು ಹೆಗ್ಗಡದೇವನಕೋಟೆ ಕಡೆಯ ಕಾರಾಪುರದ ಮಾವುತನ ಮಗ ಸಾಬು. ಮೈಸೂರಿನ ಚಿತ್ರಿಕೆಯಲ್ಲಿ ಕಥೆ ಸಾಲದೆಂದು ನಿರ್ಮಾಪಕ ಅಲೆಕ್ಸಾಂಡರ್ ಕೊರ್ಡ ಉಳಿದದ್ದನ್ನು ತಮ್ಮ ಜೋಲ್ಟಾನನಿಂದ ಲಂಡನ್ ಬಳಿಯ ಡೆನಮ್ ಸ್ಟುಡಿಯೋದಲ್ಲಿ ತೆಗೆಸಿದ. 1937ರ ಆ ಚಿತ್ರದಲ್ಲಿ ನಮ್ಮ ಕಾಡೂ ಇಂಗ್ಲೆಂಡಿನ ಸೆಟ್ಟೂ ಬೆರೆತುಹೋಗಿವೆ. ಇದು ಕಥಾಚಿತ್ರ, ನಿಜ. ಆದರೆ ಕಾಡಾನೆಗಳನ್ನು ಅಟ್ಟಿ ಹಿಡಿಯುವ ಖೆಡ್ಡಾ ಮೈಸೂರಿನಲ್ಲಿ ಕೊನೆಯ ಬಾರಿ ನಡೆದದ್ದು 1971ರಲ್ಲಿ. ಅಲ್ಲಿಂದೀಚೆಗೆ ಆ ಕಾಲದ ಆನೆ, ಮಾವುತ, ಕಾಡು ಕಾಣಬೇಕೆನ್ನುವವರು ಅದೇ ಕಥಾಚಿತ್ರವನ್ನು ದಾಖಲೆಯಾಗಿ ನೋಡುವಂತಾಗಿದೆ.

ಅಳತೆಗೋಲಿಗೆ ಸುತರಾಂ ನಿಲ್ಲದ ಚಿತ್ರ ಡಿಸ್ನಿಯವರ ‘ವೈಟ್ ವೈಲ್ಡರ್‌ನೆಸ್’ (1958). ಲೆಮಿಂಗ್ ಎಂಬ ಉತ್ತರ ಧ್ರುವ ಪ್ರದೇಶದ ಪುಟ್ಟ ದಂಶಕಗಳು ಹಿಂಡುಹಿಂಡಾಗಿ ಕಡಿಬಂಡೆಯಿಂದ ನೀರಿಗೆ ಬೀಳುವ ದೃಶ್ಯ ಅದರಲ್ಲಿದೆ. ಕೆನಡಾದ ಸಿಬಿಸಿ ವಾಹಿನಿ 1980ರ ದಶಕದ ಆರಂಭದಲ್ಲಿ ಇದರ ಜಾಡು ಹಿಡಿಯಿತು. ಚಿತ್ರೀಕರಣ ನಡೆದ ಆಲ್ಬರ್ಟಾದ ಆ ಜಾಗದಲ್ಲಿ ಲೆಮಿಂಗ್‌ಗಳೇ ಇಲ್ಲ. ಮ್ಯಾನಿಟೋಬದ ಮಕ್ಕಳಿಂದ ಕೊಂಡು ತರಲಾಗಿತ್ತು. ಹಿಮ ಹರಡಿದ ತಿರುಗುಮಣೆಯ ಮೇಲೆ ಅವನ್ನೇ ಓಡಿಸಿ ಬೇರೆಬೇರೆ ಕೋನಗಳಿಂದ ತೆಗೆದು ಹಿಂಡಿನ ಭ್ರಮೆ ಹುಟ್ಟಿಸಿದ್ದರು. ಕೊನೆಗೆ ನದಿಗೆ ತಳ್ಳಿದ್ದೂ ಚಿತ್ರತಂಡದವರೇ. ಲೆಮಿಂಗ್‌ಗಳ ಸಂಖ್ಯೆ ಮೂರು-ನಾಲ್ಕು ವರ್ಷಗಳಿಗೊಮ್ಮೆ ಉಕ್ಕುವುದೂ ಆಗ ಅವು ವಲಸೆ ಹೋಗುವುದೂ ಹೊಳೆ ದಾಟುವಾಗ ಕೆಲವು ಮುಳುಗುವುದೂ ದಿಟ. ಸಾಮೂಹಿಕ ಆತ್ಮಹತ್ಯೆ ಶುದ್ಧ ಕಟ್ಟುಕಥೆ. ಈ ಚಿತ್ರಕ್ಕೆ ಆಸ್ಕರ್ ಬಂತು, ಅದೂ ಸಾಕ್ಷ್ಯಚಿತ್ರ ವಿಭಾಗದಲ್ಲಿ.

1957ರಲ್ಲಿ ಬ್ರಿಸ್ಟಲ್‌ನಲ್ಲಿ ಹುಟ್ಟಿದ ಬಿಬಿಸಿಯ ನಿಸರ್ಗ ಇತಿಹಾಸ ಘಟಕ, 1979ರ ‘ಲೈಫ್ ಆನ್ ಅರ್ಥ್’, 2006ರ ‘ಪ್ಲಾನೆಟ್ ಅರ್ಥ್’: ಈ ಹಾದಿ ಎಲ್ಲರಿಗೂ ಗೊತ್ತಿರುವಂಥದ್ದೇ. ಅಷ್ಟಾಗಿ ಚರ್ಚೆಯಾಗದ ಸಂಗತಿಯೆಂದರೆ, ಉದ್ದ ಲೆನ್ಸ್ ಬಂದ ಮೇಲೆ ಕಣ್ಣು ಹೋದಲ್ಲಿಗೆ ಕಿವಿ ಹೋಗಲಾಗಲಿಲ್ಲ. ಅರ್ಧ ಕಿಲೋಮೀಟರ್ ಆಚೆಯ ಕರಡಿಯ ಹೆಜ್ಜೆಸಪ್ಪಳ ಯಾವ ಮೈಕಿಗೂ ಸಿಗದು. ಅದನ್ನು ಸ್ಟುಡಿಯೋದಲ್ಲಿ ಸೃಷ್ಟಿಸುತ್ತಾರೆ: ಹಿಮದ ಮೇಲಿನ ನಡಿಗೆಗೆ ಬಟ್ಟೆಯ ಚೀಲದಲ್ಲಿ ಜೋಳದ ಪಿಷ್ಟ ತುಂಬಿ ಅಮುಕಿದರಾಯಿತು, ಕರುಕರು ಸದ್ದು ಬರುತ್ತದೆ. ಚಿತ್ರ ಪ್ರಾಮಾಣಿಕವಾದಷ್ಟೂ ಕೃತಕತೆ ಧ್ವನಿಪಥಕ್ಕೆ ಸರಿದಿದೆ.

2011ರ ‘ಫ್ರೋಜನ್ ಪ್ಲಾನೆಟ್’ ಸರಣಿಯ ಹಿಮಕರಡಿ ಮರಿಗಳ ದೃಶ್ಯ ಯುರೋಪಿನ ಪ್ರಾಣಿಸಂಗ್ರಹಾಲಯದ್ದೆಂದು ಗೊತ್ತಾದಾಗ ಗಲಾಟೆಯಾಯಿತು. ನೈಸರ್ಗಿಕ ಗುಹೆಯೊಳಗೆ ಕ್ಯಾಮೆರಾ ಇಟ್ಟರೆ ತಾಯಿಗೂ ಮರಿಗೂ ಅಪಾಯ ಎಂಬ ಸಮರ್ಥನೆ ಒಪ್ಪತಕ್ಕದ್ದೇ. ಮರಿಗಳ ವರ್ತನೆಯೂ ಸುಳ್ಳಲ್ಲ. ಆದರೆ ಸಂಗತಿಯನ್ನು ಜಾಲತಾಣದಲ್ಲಿ ಹೇಳಿ, ತೆರೆಯ ಮೇಲೆ ಹೇಳದಿದ್ದುದು ತಪ್ಪೆಂದೇ ನನ್ನ ಎಣಿಕೆ.

ನಮ್ಮಲ್ಲಿ ಕೃಪಾಕರ-ಸೇನಾನಿ ಜೋಡಿ ಕೆನ್ನಾಯಿಗಳ ಹಿಂದೆ ವರ್ಷಗಟ್ಟಲೆ ಅಲೆದು ತೆಗೆದ ‘ದಿ ಪ್ಯಾಕ್’ಗೆ 2010ರ ವೈಲ್ಡ್‌ಸ್ಕ್ರೀನ್ ಉತ್ಸವದಲ್ಲಿ ಪಾಂಡಾ ಪ್ರಶಸ್ತಿ ಬಂತು. ಕಾಯುವುದೇ ಇಲ್ಲಿ ವಿಧಾನ. ಗುಂಪಿನ ಒಂದೊಂದು ನಾಯಿಯ ಗುರುತು ಹತ್ತುವಷ್ಟು ಕಾಲ ಕಾಡಿನಲ್ಲಿದ್ದವರಿಗೆ ಯಾವುದೋ ನಾಯಿಯನ್ನು ಇನ್ನೊಂದರ ಜಾಗದಲ್ಲಿ ಅಂಟಿಸುವ ಗರಜು ಬೀಳುವುದಿಲ್ಲ. ಅಮೋಘವರ್ಷ ಮತ್ತು ಕಲ್ಯಾಣ್ ವರ್ಮ ಅವರ ‘ವೈಲ್ಡ್ ಕರ್ನಾಟಕ’ 2020ರ ಜನವರಿಯಲ್ಲಿ ಚಿತ್ರಮಂದಿರಗಳಲ್ಲೇ ತೆರೆ ಕಂಡಿತು. ಇಂಗ್ಲಿಷ್ ನಿರೂಪಣೆ ಡೇವಿಡ್ ಅಟೆನ್‌ಬರೋ ಅವರದು, ಕನ್ನಡದ್ದು ರಿಷಬ್ ಶೆಟ್ಟಿ ಅವರದು. ಅದಕ್ಕೆ ದೊರೆತ ಎರಡು ರಾಷ್ಟ್ರಪ್ರಶಸ್ತಿಗಳಲ್ಲಿ ಒಂದು ಅಟೆನ್‌ಬರೋ ಅವರ ನಿರೂಪಣೆಗೆ ಸಂದಿತು.