ಯಾರ ಕೈಯ ಬ್ರೆಡ್ಡು?

ಅಮ್ಮ ಬೆಂಗಳೂರಿನಿಂದ ಮುಂಬೈಗೆ ಬಂದಾಗಲೆಲ್ಲ ನಮ್ಮ ಅಡುಗೆಮನೆಯಿಂದ ಬೆಳ್ಳುಳ್ಳಿ ಮಾಯವಾಗುತ್ತದೆ. ಕಳೆದ ಸಲ ಮಾತ್ರ ಲೆಕ್ಕ ತಪ್ಪಿತು. ಶಾಲೆಯಿಂದ ಬಂದ ಮಗಳು ಗಾರ್ಲಿಕ್ ರೋಲ್ ಬೇಕೆಂದು ಹಟ ಹಿಡಿದಳು. ನಾನು ಅಮ್ಮನ ಮುಖ ನೋಡಿದೆ. "ಮಾಡಿಕೊಡು, ಮಗು ಕೇಳ್ತಿದೆ. ನನಗೆ ಬೇಡ ಅಷ್ಟೆ" ಎಂದಳು.

ಇದು ಒಂದು ಗಂಟೆಯ ಕೆಲಸ. ಎರಡು ಕಪ್ ಮೈದಾ, ಒಂದು ಟೀ ಚಮಚ ಇನ್‌ಸ್ಟಂಟ್ ಯೀಸ್ಟ್, ಅಷ್ಟೇ ಸಕ್ಕರೆ, ಅರ್ಧ ಚಮಚ ಉಪ್ಪು, ಮುಕ್ಕಾಲು ಕಪ್ ಉಗುರುಬೆಚ್ಚಗಿನ ಹಾಲು. ಹತ್ತು ನಿಮಿಷ ಚೆನ್ನಾಗಿ ನಾದಿ, ಎಂಟು ಉಂಡೆ ಮಾಡಿ, ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಬೇಕು. ಆಮೇಲೆ 200 ಡಿಗ್ರಿಯಲ್ಲಿ ಹದಿನೈದು ನಿಮಿಷ. ಜಜ್ಜಿದ ಬೆಳ್ಳುಳ್ಳಿ, ಕೊತ್ತಂಬರಿ ಸೊಪ್ಪು ಬೆರೆಸಿದ ಬೆಣ್ಣೆಯನ್ನು ಕೊನೆಗೆ ಸವರಿದರಾಯಿತು. ಮೊದಲೇ ಸವರಿದರೆ ಬೆಳ್ಳುಳ್ಳಿ ಸೀದು ಕಹಿಯಾಗುತ್ತದೆ.

ಹಿಟ್ಟು ಉಬ್ಬಲೆಂದು ಕಾಯುತ್ತಿದ್ದಾಗ ಅಮ್ಮ ಕೇಳಿದಳು: "ಈ ಊರಲ್ಲಿ ಎಲ್ಲದಕ್ಕೂ ಯಾಕೆ ಪಾವು?"

ಪಾವ್ ಪೋರ್ಚುಗೀಸ್ ಪದ. 1510ರಲ್ಲಿ ಗೋವಾ ಹಿಡಿದ ಪೋರ್ಚುಗೀಸರಿಗೆ ಬ್ರೆಡ್ ಇಲ್ಲದೆ ಊಟವಿಲ್ಲ. ಇಲ್ಲಿ ಯೀಸ್ಟ್ ಸಿಗದೆ, ತೆಂಗಿನ ಕಳ್ಳು ಹಾಕಿ ಹಿಟ್ಟು ಹುದುಗಿಸುವುದು ರೂಢಿಗೆ ಬಂತು. ಮುಂದೆ ಗೋವಾದ ಕ್ರೈಸ್ತರು ಹೊಟ್ಟೆಪಾಡಿಗೆ ಬೊಂಬಾಯಿ ಸೇರಿದಾಗ ಅವರ ಜೊತೆ ಪಾವೂ ಬಂತು. ನಮ್ಮ ಹಾಗೆ ಅದೂ ವಲಸೆ ಬಂದದ್ದೇ. ಆದರೆ ಅದರಲ್ಲಿ ಕಳ್ಳು ಇತ್ತು, ಮಾಡಿದ ಕೈ ಕ್ರೈಸ್ತರದು. ಮಡಿವಂತರ ಮನೆಯೊಳಗೆ ಅದಕ್ಕೆ ಪ್ರವೇಶವಿರಲಿಲ್ಲ.

ಆ ಕಾರಣಕ್ಕೇ ಕೆಲವರು ಅದನ್ನು ಬೇಕೆಂದು ತಿಂದರು. 1849ರಲ್ಲಿ ಬೊಂಬಾಯಿಯಲ್ಲಿ ದಾದೋಬಾ ಪಾಂಡುರಂಗ ಮೊದಲಾದವರು ಪರಮಹಂಸ ಮಂಡಳಿ ಎಂಬ ಗುಪ್ತ ಸಭೆ ಕಟ್ಟಿದರು. ಜಾತಿಯನ್ನು ಒಪ್ಪದವರ ಕೂಟ ಅದು. ಸೇರುವವರು ಕ್ರೈಸ್ತರು ಮಾಡಿದ ಬ್ರೆಡ್ ತಿಂದು, ಮುಸ್ಲಿಮರು ಕೊಟ್ಟ ನೀರು ಕುಡಿಯಬೇಕಿತ್ತು. ಒಂದು ತುಂಡು ಬ್ರೆಡ್ಡೇ ದೀಕ್ಷೆ. 1860ರ ಸುಮಾರಿಗೆ ಸದಸ್ಯರ ಗುಟ್ಟು ಹೊರಬಿದ್ದು, ಬಹಿಷ್ಕಾರದ ಭಯಕ್ಕೆ ಮಂಡಳಿ ಚದುರಿಹೋಯಿತು. ಅದರ ಕೆಲವರು 1867ರಲ್ಲಿ ಪ್ರಾರ್ಥನಾ ಸಮಾಜದಲ್ಲಿ ಮತ್ತೆ ಸೇರಿದರು, ಈ ಬಾರಿ ಬಹಿರಂಗವಾಗಿ.

"ನಾವೂ ಬ್ರೆಡ್ ತಿಂದೇ ಬೆಳೆದವರು ತಾನೆ?" ಎಂದಳು ಅಮ್ಮ. ತಿಂದೆವು, ನಿಜ. ಬೆಂಗಳೂರಿನ ಚಿಕ್ಕಪೇಟೆಯಲ್ಲಿ 1898ರಲ್ಲಿ ತಿರುಮಲಾಚಾರ್ ಅವರ ಬಿ.ಬಿ. ಬೇಕರಿ ಶುರುವಾಯಿತು. ಅಯ್ಯಂಗಾರ್ ಬೇಕರಿಗಳ ಪರಂಪರೆ ಅಲ್ಲಿಂದ ಬೆಳೆಯಿತು. ಮೈದಾ ಅದೇ, ಹುದುಗು ಅದೇ, ಕೈ ಮಾತ್ರ ಬೇರೆ. ಬೊಂಬಾಯಿಯವರು ಕಟ್ಟು ಮುರಿಯಲು ಬ್ರೆಡ್ ತಿಂದರೆ, ನಮ್ಮ ಮನೆಯವರು ಕಟ್ಟು ಮುರಿಯದೆಯೇ ತಿನ್ನುವ ದಾರಿ ಕಂಡುಕೊಂಡರು. ತಕರಾರು ಬ್ರೆಡ್ಡಿನ ಮೇಲೆ ಇರಲೇ ಇಲ್ಲ.

ಬೆಳ್ಳುಳ್ಳಿಯ ಕಥೆಯೂ ಹೀಗೇ. ಐದನೇ ಶತಮಾನದ ಆರಂಭದಲ್ಲಿ ಬಂದ ಚೀನೀ ಯಾತ್ರಿಕ ಫಾಹಿಯಾನ್, ಇಲ್ಲಿ ಚಂಡಾಲರ ಹೊರತು ಯಾರೂ ಈರುಳ್ಳಿ, ಬೆಳ್ಳುಳ್ಳಿ ತಿನ್ನುವುದಿಲ್ಲ ಎಂದು ಬರೆದ. 1890ರಲ್ಲಿ ಮಧ್ಯ ಏಷ್ಯಾದ ಕೂಚಾ ಬಳಿ ಸಿಕ್ಕ ಬೋವರ್ ಹಸ್ತಪ್ರತಿ ಎಂಬ ಹಳೆಯ ಸಂಸ್ಕೃತ ಗ್ರಂಥದಲ್ಲಿ ಬೆಳ್ಳುಳ್ಳಿಯನ್ನು ಔಷಧವೆಂದು ಹೊಗಳಲಾಗಿದೆ. ಅಮೃತ ಕುಡಿದ ಅಸುರನ ಕೊರಳು ಕತ್ತರಿಸಿದಾಗ ಬಿದ್ದ ರಕ್ತದಿಂದ ಅದು ಹುಟ್ಟಿತು, ಆದ್ದರಿಂದ ಬ್ರಾಹ್ಮಣರು ತಿನ್ನುವುದಿಲ್ಲ ಎಂಬ ಕಥೆಯೂ ಅಲ್ಲೇ ಇದೆ. ಉಪಾಯವೂ ಇದೆ: ಹಸುವಿಗೆ ಹುಲ್ಲಿನ ಜೊತೆ ಬೆಳ್ಳುಳ್ಳಿ ತಿನ್ನಿಸಿ, ಬ್ರಾಹ್ಮಣರು ಅದರ ಹಾಲು, ಮೊಸರು, ತುಪ್ಪ ಸೇವಿಸಬಹುದು! ಇದನ್ನು ಕೇಳಿ ಅಮ್ಮ ಜೋರಾಗಿ ನಕ್ಕಳು.

ಈ ಎರಡನ್ನು ಸೇರಿಸಿದವರೂ ವಲಸಿಗರೇ. ಇಟಲಿಯಲ್ಲಿ ಸುಟ್ಟ ಬ್ರೆಡ್ಡಿಗೆ ಬೆಳ್ಳುಳ್ಳಿ ಉಜ್ಜಿ ಆಲಿವ್ ಎಣ್ಣೆ ಸುರಿಯುವ ಪದ್ಧತಿ ಹಳೆಯದು. ಅಮೆರಿಕಕ್ಕೆ ಹೋದ ಇಟಲಿಯವರ ನಡುವೆ ಎಣ್ಣೆಯ ಜಾಗಕ್ಕೆ ಬೆಣ್ಣೆ ಬಂದು, ಇಂದಿನ ಗಾರ್ಲಿಕ್ ಬ್ರೆಡ್ ಆಯಿತು.

ರೋಲ್ ಬೆಂದವು. ಆರಕ್ಕೆ ಬೆಳ್ಳುಳ್ಳಿ ಬೆಣ್ಣೆ ಸವರಿದೆ, ಎರಡನ್ನು ಅಮ್ಮನಿಗೆಂದು ಹಾಗೇ ಬಿಟ್ಟೆ. ಆದರೆ ಎಲ್ಲವೂ ಒಂದೇ ತಟ್ಟೆಯಲ್ಲಿ, ಒಂದಕ್ಕೊಂದು ಅಂಟಿಕೊಂಡಿದ್ದವು. ಬೆಣ್ಣೆ ಹರಿದು ಎಲ್ಲಿಗೆ ಮುಟ್ಟಿತ್ತೋ!

"ಎಲ್ಲಾ ಒಟ್ಟಿಗೇ ಇಟ್ಟಿದ್ಯಲ್ಲಾ?" ಎಂದಳು.

"ಹೌದಮ್ಮ" ಎಂದೆ. ಸುಳ್ಳು ಹೇಳಬಹುದಿತ್ತು.

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಒಂದು ರೋಲ್ ಮುರಿದು, ಕಾಫಿಗೆ ಅದ್ದಿ, ಮೊಮ್ಮಗಳ ಪಕ್ಕದಲ್ಲಿ ಕೂತು ತಿಂದಳು.