ವೆಬ್ ಏಜೆಂಟ್

ಸಂಸ್ಥೆಯೊಂದರ ಹಲವು ಅಪ್ಲಿಕೇಶನ್‌ಗಳಿಗೆ ಒಂದೇ ಲಾಗಿನ್ ಸಾಲುವಂತೆ ಮಾಡಲು ವೆಬ್ ಸರ್ವರಿನೊಳಗೆ ಕೂರಿಸುವ ಕಾವಲು ತಂತ್ರಾಂಶ. ಒಳಬರುವ ಕೋರಿಕೆಯನ್ನು ಅಪ್ಲಿಕೇಶನ್ ನೋಡುವ ಮೊದಲೇ ಅದು ತಡೆಯುತ್ತದೆ. ಗುರುತಿನ ಕುಕಿ ಇಲ್ಲದವರನ್ನು ಲಾಗಿನ್ ಪುಟಕ್ಕೆ ಕಳಿಸುತ್ತದೆ; ಇದ್ದವರ ವಿಷಯದಲ್ಲಿ ಯಾರಿಗೆ ಪ್ರವೇಶ ಎಂದು ನಿರ್ಧರಿಸುವ ಕೇಂದ್ರದ ಪಾಲಿಸಿ ಸರ್ವರನ್ನು ಕೇಳಿ ನಡೆಯುತ್ತದೆ.

ಒಮ್ಮೆ ಗುರುತು ಹೇಳಿ ಹಲವು ಸೇವೆ ಪಡೆಯುವ ಯೋಚನೆ ವೆಬ್‌ಗಿಂತ ಹಳೆಯದು. ಎಂಐಟಿಯಲ್ಲಿ 1983ರಲ್ಲಿ ಶುರುವಾದ ಅಥೀನಾ ಯೋಜನೆಯಿಂದ ಬಂದ ಕೆರ್ಬೆರೋಸ್ ಇದನ್ನು ಟಿಕೆಟ್‌ಗಳ ಮೂಲಕ ಸಾಧಿಸಿತ್ತು. ಎಚ್‌ಟಿಟಿಪಿಗೆ ಮಾತ್ರ ಹಿಂದಿನ ಕೋರಿಕೆಯ ನೆನಪೇ ಇರುವುದಿಲ್ಲ. ಹೀಗಾಗಿ ಆರಂಭದ ಬೇಸಿಕ್ ದೃಢೀಕರಣದಲ್ಲಿ ಪ್ರತಿ ಕೋರಿಕೆಯ ಜೊತೆಗೂ ಪಾಸ್‌ವರ್ಡ್ ಹೋಗುತ್ತಿತ್ತು. ಸರ್ವರ್ ಅದನ್ನು ಪರೀಕ್ಷಿಸಿ ಬಳಕೆದಾರರ ಹೆಸರನ್ನು ‘ರಿಮೋಟ್ ಯೂಸರ್’ ಎಂಬ ಚರಾಂಶದಲ್ಲಿ ಪ್ರೋಗ್ರಾಮಿಗೆ ಒಪ್ಪಿಸುತ್ತಿತ್ತು. 1994ರಲ್ಲಿ ನೆಟ್‌ಸ್ಕೇಪ್‌ನ ಲೂ ಮಾಂಟುಲಿ ರೂಪಿಸಿದ ಕುಕಿ ಆ ಮರೆವನ್ನು ನೀಗಿತು. ನೆಟ್‌ಸ್ಕೇಪಿನ ಎನ್‌ಎಸ್‌ಎಪಿಐ, ಮೈಕ್ರೋಸಾಫ್ಟಿನ ಐಎಸ್‌ಎಪಿಐ, ಅಪಾಚೆಯ ಮಾಡ್ಯೂಲ್‌ಗಳು ಸರ್ವರಿನೊಳಕ್ಕೆ ಹೊರಗಿನ ಕೋಡ್ ಸೇರಿಸಲು ದಾರಿ ತೆರೆದವು. ಏಜೆಂಟ್ ಹುಟ್ಟಿದ್ದು ಕುಕಿಯೂ ಈ ದಾರಿಯೂ ಕೂಡಿದಾಗ.

1990ರ ದಶಕದ ಕೊನೆಯಲ್ಲಿ ಮ್ಯಾಸಚೂಸೆಟ್ಸ್‌ನ ನೆಟೆಗ್ರಿಟಿ ಕಂಪನಿಯ ಸೈಟ್‌ಮೈಂಡರ್ ಈ ಮಾದರಿಯನ್ನು ದೊಡ್ಡ ಸಂಸ್ಥೆಗಳಿಗೆ ಪರಿಚಯಿಸಿತು. ಆಬ್ಲಿಕ್ಸ್ ಕಂಪನಿ ತನ್ನ ಏಜೆಂಟನ್ನು ವೆಬ್‌ಗೇಟ್ ಎಂದಿತು, ಸನ್ ಪಾಲಿಸಿ ಏಜೆಂಟ್ ಎಂದಿತು. ಐಬಿಎಂ ಬೇರೆ ದಾರಿ ಹಿಡಿದು ಎಲ್ಲ ಸರ್ವರ್‌ಗಳ ಮುಂದೆ ವೆಬ್‌ಸೀಲ್ ಎಂಬ ಪ್ರಾಕ್ಸಿ ನಿಲ್ಲಿಸಿತು. ಏಜೆಂಟಿನ ದೊಡ್ಡ ಕೊಡುಗೆ ಸೌಕರ್ಯವಲ್ಲ: ಪಾಸ್‌ವರ್ಡ್ ಪರೀಕ್ಷಿಸುವ ಕೋಡನ್ನು ಪ್ರತಿ ಅಪ್ಲಿಕೇಶನ್ನಿನಲ್ಲೂ ಮತ್ತೆ ಮತ್ತೆ, ತಪ್ಪು ತಪ್ಪಾಗಿ ಬರೆಯುವ ರೂಢಿಗೆ ಅದು ಪರ್ಯಾಯ ತೋರಿಸಿತು.

ಇದರ ಸ್ಥಾಪನೆ ಸಹನೆ ಬೇಡುವ ಕೆಲಸ. ಅಪಾಚೆಯ ಸಂರಚನಾ ಕಡತಕ್ಕೆ ‘ಲೋಡ್‌ಮಾಡ್ಯೂಲ್’ ಸಾಲು ಸೇರಿಸಿ, ಏಜೆಂಟನ್ನು ಪಾಲಿಸಿ ಸರ್ವರಿನಲ್ಲಿ ನೋಂದಾಯಿಸಿ, ಅವೆರಡಕ್ಕಷ್ಟೇ ತಿಳಿದ ಗುಟ್ಟಿನ ಕೀಲಿಯನ್ನು ಹೊಂದಿಸಬೇಕು. ಸೈಟ್‌ಮೈಂಡರಿನಲ್ಲಿ ಏಜೆಂಟನ್ನು ಚಾಲೂ ಮಾಡುವ ಸಾಲನ್ನು ‘ಯೆಸ್’ ಎಂದು ಬದಲಿಸಲು ಮರೆತರೆ ಬಾಗಿಲು ಕಾವಲಿಲ್ಲದೆ ತೆರೆದೇ ಇರುತ್ತದೆ. ಕುಕಿಯ ಡೊಮೇನ್ ತಪ್ಪಿದರೆ ಅಥವಾ ಎರಡು ಯಂತ್ರಗಳ ಗಡಿಯಾರ ಹೊಂದದಿದ್ದರೆ ಬಳಕೆದಾರರು ಲಾಗಿನ್ ಪುಟಕ್ಕೂ ಅಪ್ಲಿಕೇಶನ್ನಿಗೂ ನಡುವೆ ಸುತ್ತುತ್ತಲೇ ಇರಬೇಕಾಗುತ್ತದೆ. ಚಿತ್ರ, ಶೈಲಿ ಕಡತಗಳಿಗೆ ವಿನಾಯಿತಿ ಪಟ್ಟಿಯುಂಟು. ಅದನ್ನು ಉದಾರವಾಗಿ ಬರೆದಷ್ಟೂ ಅಪಾಯ.

ಇನ್ನೂ ಗಂಭೀರವಾದ ದೌರ್ಬಲ್ಯ ನಂಬಿಕೆಯಲ್ಲಿತ್ತು. ಏಜೆಂಟ್ ಬಳಕೆದಾರರ ಹೆಸರನ್ನು ಎಚ್‌ಟಿಟಿಪಿ ಹೆಡರ್‌ನಲ್ಲಿ ಬರೆದು ಸರ್ವರಿನ ಹಿಂದಿರುವ ಅಪ್ಲಿಕೇಶನ್ನಿಗೆ ದಾಟಿಸುತ್ತದೆ, ಅಪ್ಲಿಕೇಶನ್ ಅದನ್ನು ಪ್ರಶ್ನಿಸದೆ ಒಪ್ಪುತ್ತದೆ. ಏಜೆಂಟನ್ನು ತಪ್ಪಿಸಿ ಅಪ್ಲಿಕೇಶನ್ನಿನ ಪೋರ್ಟನ್ನು ನೇರ ಮುಟ್ಟಲು ಸಾಧ್ಯವಿದ್ದರೆ, ಯಾರು ಬೇಕಾದರೂ ಆ ಹೆಡರ್ ಬರೆದು ಯಾರ ಹೆಸರಿನಲ್ಲಾದರೂ ಒಳಹೋಗಬಹುದು. ಆ ಪೋರ್ಟಿಗೆ ಫೈರ್‌ವಾಲ್ ಹಾಕದ ಸ್ಥಾಪನೆಯನ್ನು ಅಪೂರ್ಣ ಎಂದೇ ಎಣಿಸಬೇಕು.

ಮುಂದಿನ ವರ್ಷಗಳಲ್ಲಿ ಒಡೆತನಗಳು ಬದಲಾದವು. ನೆಟೆಗ್ರಿಟಿಯನ್ನು 2004ರಲ್ಲಿ ಕಂಪ್ಯೂಟರ್ ಅಸೋಸಿಯೇಟ್ಸ್, ಆಬ್ಲಿಕ್ಸನ್ನು 2005ರಲ್ಲಿ ಒರಾಕಲ್ ಕೊಂಡವು. ಸನ್ ತನ್ನ ಉತ್ಪನ್ನವನ್ನು ಓಪನ್‌ಎಸ್‌ಎಸ್‌ಒ ಎಂಬ ಹೆಸರಿನಲ್ಲಿ ಮುಕ್ತಗೊಳಿಸಿತ್ತು. 2010ರಲ್ಲಿ ಒರಾಕಲ್ ಸನ್ ಕಂಪನಿಯನ್ನೇ ಕೊಂಡಾಗ ಫೋರ್ಜ್‌ರಾಕ್ ಕಂಪನಿ ಆ ಕೋಡನ್ನು ಓಪನ್‌ಎಎಂ ಎಂದು ಮುಂದುವರಿಸಿತು. ಅದರ ಕುಕಿಗೆ ಮಾತ್ರ ಸನ್ ಕಾಲದ ‘ಐಪ್ಲಾನೆಟ್ ಡೈರೆಕ್ಟರಿ ಪ್ರೊ’ ಎಂಬ ಹೆಸರೇ ಉಳಿಯಿತು.

2005ರ ಎಸ್‌ಎಎಂಎಲ್ 2.0, 2014ರ ಓಪನ್‌ಐಡಿ ಕನೆಕ್ಟ್ ಎಂಬ ಲಾಗಿನ್ ಮಾನಕಗಳು ಬಂದ ಮೇಲೆ ಒಬ್ಬರೇ ಮಾರಾಟಗಾರರ ಏಜೆಂಟಿಗೇ ಅಂಟಿಕೊಳ್ಳುವ ಅಗತ್ಯ ತಗ್ಗಿತು. ಅಪಾಚೆಯ ಮುಕ್ತ ಮಾಡ್ಯೂಲ್ ‘ಮಾಡ್ ಆತ್ ಓಪನ್‌ಐಡಿಸಿ’ ಈಗ ಅದೇ ಕಾವಲನ್ನು ಮಾನಕಕ್ಕೆ ತಕ್ಕಂತೆ ಮಾಡುತ್ತದೆ. ಬಳಕೆದಾರರ ಹೆಸರನ್ನು ಅದೂ ‘ರಿಮೋಟ್ ಯೂಸರ್’ ಚರಾಂಶದಲ್ಲೇ ಒಪ್ಪಿಸುತ್ತದೆ.