ನಂದಿದುರ್ಗದ ನಂಬರುಗಳು

ನಮ್ಮ ಸೋದರಮಾವ ಕೋಲಾರ ಚಿನ್ನದ ಗಣಿಗಳಲ್ಲೊಂದಾದ ನಂದಿದುರ್ಗ ಗಣಿಯ ಟೈಮ್ ಆಫೀಸಿನಲ್ಲಿ ಗುಮಾಸ್ತರಾಗಿದ್ದರು. ಜನರ ಹೆಸರು ಅವರಿಗೆ ನೆನಪಿರುತ್ತಿರಲಿಲ್ಲ, ನಂಬರು ಮರೆಯುತ್ತಿರಲಿಲ್ಲ. ತಮಿಳರು, ತೆಲುಗರು, ನಮ್ಮವರು ಎಲ್ಲ ಒಟ್ಟಿಗೆ ಇಳಿಯುತ್ತಿದ್ದ ಗಣಿ. ಮುನಿಸ್ವಾಮಿ ಅಂತ ಕೂಗಿದರೆ ಅರ್ಧ ಸಾಲು ತಿರುಗಿ ನೋಡುತ್ತಿತ್ತು. ಸಂಬಳದ ಪುಸ್ತಕದಲ್ಲಿ ಒಂದು ಸ್ಪೆಲಿಂಗು, ಕ್ವಾರ್ಟರ್ಸ್ ಪುಸ್ತಕದಲ್ಲಿ ಇನ್ನೊಂದು. ನಂಬರು ಒಂದೇ ಆಗಿದ್ದರೆ ಆಳೂ ಒಬ್ಬನೇ, ಅಷ್ಟೆ.

ಐಬಿಎಂನ ಎಡ್ಗರ್ ಕಾಡ್ ರಿಲೇಷನಲ್ ಡೇಟಾಬೇಸಿನ ಪ್ರಬಂಧ ಬರೆದದ್ದು 1970ರಲ್ಲಿ. ವಿವರಗಳನ್ನು ಬೇರೆ ಬೇರೆ ಪಟ್ಟಿಗಳಲ್ಲಿಡಿ, ಬೇಕಾದಾಗ ಒಂದೇ ಗುರುತಿನಿಂದ ಅವನ್ನು ಕೂಡಿಸಿ ಎಂಬುದನ್ನು ಆತ ಗಣಿತವಾಗಿಸಿದ. ನಮ್ಮ ಮಾವನಿಗೆ ಅದರಲ್ಲಿ ಹೊಸತೇನೂ ಕಾಣುತ್ತಿರಲಿಲ್ಲವೇನೋ.

ನಾನು ಬಂಗಾರಪೇಟೆಯಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ ಸರ್ವರ್ ನೋಡಿಕೊಳ್ಳುವವನು. ಮೊದಲ ಸಲ ಈಜಾಬರ್‌ಡಿ ಚಾಟ್ ಸರ್ವರನ್ನು ಮೈಎಸ್‌ಕ್ಯೂಎಲ್‌ಗೆ ಜೋಡಿಸಿದಾಗ ಸ್ಕೀಮಾ ತೆರೆದು ನೋಡಿದೆ. ಸದಸ್ಯರದ್ದೊಂದು ಟೇಬಲ್, ಯಾರಿಗೆ ಯಾರು ಪರಿಚಯ ಎಂಬುದಕ್ಕೊಂದು, ಆನ್‌ಲೈನ್ ಇಲ್ಲದವರಿಗೆ ಬಂದ ಸಂದೇಶ ಕಾದಿಡಲು 'ಸ್ಪೂಲ್', ಹಳೆಯ ಮಾತುಕತೆಗೆ 'ಆರ್ಕೈವ್'. ಎಲ್ಲದರಲ್ಲೂ ಯೂಸರ್‌ನೇಮ್ ಕಾಲಂ. ಅಕ್ಷರಗಳ ಸೆಟ್ಟಿಂಗ್ ಮಾತ್ರ ಯುಟಿಎಫ್8ಎಂಬಿ4 ಇರಲೇಬೇಕು: ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟ್ ಸಾಕು, ಇಮೋಜಿಗೆ ನಾಲ್ಕು ಬೇಕು. ಹಳೆಯ ಮೂರು ಬೈಟಿನ ಸೆಟ್ಟಿಂಗಿನಲ್ಲಿ ಕನ್ನಡ ಸಲೀಸಾಗಿ ಕೂರುತ್ತದೆ, ನಗುಮುಖಕ್ಕೆ ಜಾಗವಿಲ್ಲ!

ಈಗ ಯಾರು ಆನ್‌ಲೈನ್ ಇದ್ದಾರೆ ಎಂಬುದನ್ನು ಈಜಾಬರ್‌ಡಿ ಸಾಮಾನ್ಯವಾಗಿ ಈ ಟೇಬಲ್‌ಗಳಲ್ಲಿ ಬರೆಯುವುದಿಲ್ಲ, ಮೆಮೊರಿಯಲ್ಲೇ ಇಟ್ಟುಕೊಳ್ಳುತ್ತದೆ. ಗಣಿಯಲ್ಲಿ ಅದನ್ನೂ ಬರೆದಿಡಬೇಕಿತ್ತು. 1952ರ ಗಣಿ ಕಾಯ್ದೆಯ 48ನೇ ಕಲಮಿನ ಪ್ರಕಾರ, ಯಾವ ಗಳಿಗೆಯಲ್ಲಿ ತೆರೆದರೂ ಆ ಹೊತ್ತು ಕೆಳಗಿರುವ ಪ್ರತಿಯೊಬ್ಬನ ಹೆಸರು ರಿಜಿಸ್ಟರಿನಲ್ಲಿ ಸಿಗಬೇಕಿತ್ತು. ಕೋಲಾರದ ಗಣಿಗಳಲ್ಲಿ ಆಳದ ಬಂಡೆ ಒತ್ತಡ ತಾಳದೆ ಸಿಡಿಯುತ್ತಿತ್ತು. ಹಾಗೆ ಸಿಡಿದ ದಿನ ಶಾಫ್ಟಿನ ಬಾಯಲ್ಲಿ ನೆರೆದ ಹೆಂಗಸರಿಗೆ ಉತ್ತರ ಕೊಡಬೇಕಾದದ್ದು ಆ ಪುಸ್ತಕವೇ.

ಹಾಗಂತ ಪುಸ್ತಕ ಯಾವತ್ತೂ ಕೂಲಿಯವನ ಪರವಾಗಿತ್ತು ಅನ್ನುವಂತಿಲ್ಲ. ಗಣಿಗಳನ್ನು ನಡೆಸುತ್ತಿದ್ದ ಜಾನ್ ಟೇಲರ್ ಕಂಪನಿಯ ಕಾಲದಲ್ಲಿ, 1930ರಲ್ಲಿ, ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಿ ಎಂದಾಗ ಇಲ್ಲಿಯ ಸಾವಿರಾರು ಕಾರ್ಮಿಕರು ಮುಷ್ಕರ ಹೂಡಿದರು. ಅವರ ಲೆಕ್ಕ ಸರಿಯಾಗಿಯೇ ಇತ್ತು ಎಂದು ನನಗನಿಸುತ್ತದೆ. ನಂಬರು ಗಣಿಗೊಂದು, ನಂದಿದುರ್ಗ ಬಿಟ್ಟು ಚಾಂಪಿಯನ್ ರೀಫ್ ಗಣಿಗೆ ಹೋದರೆ ಬೇರೆ ಸಿಗುತ್ತದೆ. ಬೆರಳು ಬದಲಾಗುವುದಿಲ್ಲ. ಒಂದು ಕಡೆ ಮೇಸ್ತ್ರಿಯ ಜತೆ ಜಗಳವಾಡಿ ಬಂದವನನ್ನು ಇನ್ನೊಂದು ಕಡೆ ಗೇಟಿನಲ್ಲೇ ಹಿಡಿಯಬಹುದು. ಡೇಟಾಬೇಸಿನವರು ಇದನ್ನೇ ಜಾಯಿನ್ ಅನ್ನುತ್ತೇವೆ, ಒಂದು ಸಾಲಿನ ಕೆಲಸ.

2001ರ ಫೆಬ್ರವರಿ 28ಕ್ಕೆ ಗಣಿಗಳು ಮುಚ್ಚಿದವು. ನನ್ನ ಸರ್ವರಿನಲ್ಲಿ ಈಗಲೂ ಜನ ಮಾತಾಡುತ್ತಾರೆ. ಯಾರು ಯಾರಿಗೆ ಏನು ಬರೆದರು ಎಂಬುದನ್ನು ವರ್ಷಗಟ್ಟಲೆ ಇಡಿ ಎಂದು ಮೇಲಿನವರು ಕೇಳಿದ್ದುಂಟು. ಯಾತಕ್ಕೆ ಎಂದು ಬರವಣಿಗೆಯಲ್ಲಿ ಕೊಡಿ ಅಂದೆ, ಕೊಡಲಿಲ್ಲ. ತಿಂಗಳು ದಾಟಿದ ಸಂದೇಶಗಳನ್ನು ಆರ್ಕೈವಿನಿಂದ ಅಳಿಸುವ ಕಮಾಂಡನ್ನು ಕ್ರಾನ್‌ಗೆ ಹಾಕಿದ್ದೇನೆ, ರಾತ್ರಿ ಎರಡಕ್ಕೆ ಓಡುತ್ತದೆ.